ಮೂವತ್ತು ಬೂದು ಫೈಲುಗಳು

ಫೆಬ್ರವರಿ 3, ಸೋಮವಾರ

ಕೆಲಸಕ್ಕೆ ಸೇರಿ ಒಂದು ವಾರವಾಯಿತು. ವಾದ್ಯವೃಂದದ ಸ್ವರಲಿಪಿ ಭಂಡಾರದಲ್ಲಿ ಸಹಾಯಕಿ. ಹೆಸರೇನೋ ದೊಡ್ಡದು. ಮಾಡುವುದಿಷ್ಟೆ: ತಾಲೀಮಿಗೆ ಮೊದಲು ನುಡಿಸುವವರ ಸ್ಟ್ಯಾಂಡುಗಳ ಮೇಲೆ ಅವರವರ ಹಾಳೆಗಳನ್ನು ಇಡುವುದು, ಮುಗಿದ ಮೇಲೆ ಎತ್ತಿ ತರುವುದು, ಪ್ರದರ್ಶನ ಆದಮೇಲೆ ಅವರು ಗೀಚಿದ ಪೆನ್ಸಿಲ್ ಗುರುತುಗಳನ್ನೆಲ್ಲ ರಬ್ಬರಿನಿಂದ ಅಳಿಸಿ ಕಪಾಟಿಗೆ ಸೇರಿಸುವುದು. ಭಂಡಾರದ ಹಿರಿಯರು ಮಂಡಿಯ ಶಸ್ತ್ರಚಿಕಿತ್ಸೆಗೆಂದು ರಜೆ ಹಾಕಿದ್ದಾರೆ. ಹೋಗುವ ಮೊದಲು ನನಗಾಗಿ ಒಂದು ಹಾಳೆ ಸೂಚನೆ ಬರೆದಿಟ್ಟಿದ್ದಾರೆ. ಕೊನೆಯ ಸಾಲು: "ಅಳಿಸುವಾಗ ಓದಬೇಡ. ಓದಿದರೆ ಕೈ ಬರುವುದಿಲ್ಲ."

ಸಾಹಿತ್ಯ ಓದಿ ಬಂದವಳಿಗೆ ಓದಬೇಡ ಎಂದರೆ ಹೇಗೆ? ಓದಿದೆ. ಒಬ್ಬರು "ಇಲ್ಲಿ ಉಸಿರು" ಎಂದು ಬರೆದುಕೊಂಡಿದ್ದಾರೆ. ಇನ್ನೊಬ್ಬರು "ಅವನನ್ನು ನೋಡಬೇಡ, ಅವನಿಗೂ ಗೊತ್ತಿಲ್ಲ" ಎಂದು. ಅವನು ಅಂದರೆ ಮುಂದೆ ನಿಂತು ಕೈಸನ್ನೆಯಲ್ಲಿ ಎಲ್ಲರನ್ನೂ ನಡೆಸುವ ನಿರ್ದೇಶಕ. ವಿಯೋಲಾದ (ಪಿಟೀಲಿನ ಹಾಗೇ, ತುಸು ದೊಡ್ಡದು, ದನಿ ದಪ್ಪ) ಮೊದಲ ಸ್ಟ್ಯಾಂಡಿನ ಹಾಳೆಗಳಲ್ಲಿ ಮಾತ್ರ ಅಲ್ಲಲ್ಲಿ ಪುಟ್ಟ ಕನ್ನಡಕದ ಚಿತ್ರ. ಎಚ್ಚರ, ಕಣ್ಣು ಬಿಟ್ಟು ನೋಡು ಎಂದು ಅರ್ಥವಂತೆ. ಬರೆದವರು ಪುಟದತ್ತೆ. ಪಕ್ಕದಲ್ಲಿ ಕೂರುವ ನನ್ನ ಚಿಕ್ಕಮ್ಮ ಅವಸರ ಮಾಡುವ ಕಡೆಯಲ್ಲೆಲ್ಲ ಬರೆದಿದ್ದಾರೆ.

ನಾನು ಇರುವುದು ಚಿಕ್ಕಮ್ಮನ ಮನೆಯಲ್ಲಿ. ಈ ಕೆಲಸ ಕೊಡಿಸಿದವಳೂ ಅವಳೇ. ಅವಳೂ ಪುಟದತ್ತೆಯೂ ಹತ್ತೊಂಬತ್ತು ವರ್ಷದಿಂದ ಒಂದೇ ಸ್ಟ್ಯಾಂಡಿನ ಮುಂದೆ ಕೂರುತ್ತಾರೆ. ತಂತಿವಾದ್ಯದವರಲ್ಲಿ ಇಬ್ಬರಿಗೆ ಒಂದು ಸ್ಟ್ಯಾಂಡ್, ಒಂದೇ ಪ್ರತಿ. ಒಳಬದಿಗೆ ಕೂತವರು ಪುಟ ತಿರುಗಿಸಬೇಕು. ಚಿಕ್ಕವಳಿದ್ದಾಗ ನಾನು ಅದನ್ನು ನೋಡಿ 'ಪುಟದತ್ತೆ' ಎಂದು ಹೆಸರಿಟ್ಟೆನಂತೆ. ಅದೇ ನಿಂತಿತು. ಚಿಕ್ಕಮ್ಮ ಹೇಳುವುದು: "ನನ್ನ ಬಲಗೈ ಇರೋದು ಕಮಾನು ಹಿಡಿಯೋಕೆ, ಎಡಗೈ ಇರೋದು ತಂತಿ ಒತ್ತೋಕೆ. ಮೂರನೇ ಕೈ ಅಂತಿದ್ರೆ ಅದು ಇವಳೇ."

ಕನ್ನಡಕಗಳನ್ನು ಅಳಿಸಲು ಆಗಲಿಲ್ಲ. ಆ ಹಾಳೆಗಳನ್ನು ಹಾಗೇ ಕಪಾಟಿನ ಹಿಂದಕ್ಕೆ ತಳ್ಳಿದೆ. ಹಿರಿಯರು ಬಂದಮೇಲೆ ಬೈಸಿಕೊಂಡರಾಯಿತು.

ಇನ್ನೊಂದು ಮಾತು. ಈ ವರ್ಷದ ಪ್ರದರ್ಶನಗಳು ಮುಗಿದ ಮೇಲೆ ವಾದ್ಯವೃಂದವನ್ನು ಚಿಕ್ಕದು ಮಾಡುತ್ತಾರಂತೆ. ಹತ್ತು ಜನ ಹೋಗಬೇಕಾಗಬಹುದು ಎಂದು ಮ್ಯಾನೇಜರು ಹೇಳಿದ್ದಾರೆ. ಯಾರು ಎಂದು ಹೇಳಿಲ್ಲ. ಚಿಕ್ಕಮ್ಮ ಅದನ್ನು ಹೇಳಿ, ಪಾತ್ರೆ ತೊಳೆಯುತ್ತ ಶಿಳ್ಳೆ ಹಾಕಿದಳು. ಅವಳು ಶಿಳ್ಳೆ ಹಾಕುವುದು ಹೆದರಿದಾಗ ಮಾತ್ರ.

ಫೆಬ್ರವರಿ 6, ಗುರುವಾರ

ಹೊಸ ಕೃತಿಯ ರಚನಕಾರರು ಬಂದಿದ್ದರು. ಕಿವಿಯ ಮೇಲೊಂದು ಪೆನ್ಸಿಲ್, ಜೇಬಿನಲ್ಲೊಂದು. ನಗಾರಿಯವನು ಅವರಿಗೆ ಆಗಲೇ 'ಎರಡು ಪೆನ್ಸಿಲು' ಎಂದು ಹೆಸರಿಟ್ಟಾಗಿದೆ. ಎಷ್ಟು ಮೆಲ್ಲಗೆ ಮಾತಾಡುತ್ತಾರೆಂದರೆ, ನಾನೂ ಅವರೂ ಎದುರೆದುರು ಕೂತರೆ ಕೋಣೆಯಲ್ಲಿ ಯಾರೂ ಇಲ್ಲವೆಂದು ದೀಪ ಆರಿಸಿ ಹೋಗಬಹುದು.

ಕೃತಿಯ ಹೆಸರು 'ಎದುರುಬದುರು'. ಭಂಡಾರದ ಉದ್ದನೆಯ ಮೇಜಿನ ಮೇಲೆ ಹಾಳೆಗಳನ್ನು ಹರಡಿ ತೋರಿಸಿದರು. ಅರವತ್ತು ಜನ ಎರಡು ಪಾಲಾಗಿ ವೇದಿಕೆಯ ಮೇಲೆ ಮುಖಾಮುಖಿ ಕೂರಬೇಕು. ನಡುವೆ ನಗಾರಿ ಒಂದೇ. ಶುರುವಾಗುವುದು ಒಂದೇ ಸ್ವರದಿಂದ, ಎರಡೂ ಕಡೆ ಅದನ್ನೇ ಹಿಡಿಯುತ್ತಾರೆ, ಆದರೆ ಒಂದು ಕಡೆಯವರು ಕೂದಲೆಳೆಯಷ್ಟು ಮೇಲೆ. "ಜಗಳ ಅಂದ್ರೆ ಕೂಗಾಟ ಅಲ್ಲಮ್ಮ," ಎಂದರು, "ಇಬ್ಬರಿಗೂ ತಾನು ಹಿಡಿದಿರೋದೇ ಸರಿಯಾದ ಸ್ವರ ಅಂತ ಕಾಣೋದು, ಅಷ್ಟೆ." ಎರಡನೆಯ ಭಾಗದಲ್ಲಿ ನಿರ್ದೇಶಕ ಕೈ ಕೆಳಗಿಳಿಸಿ ಸುಮ್ಮನೆ ನಿಲ್ಲುತ್ತಾನೆ; ಎರಡು ಗುಂಪೂ ತಮ್ಮ ತಮ್ಮ ಲಯದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಮೂರನೆಯದರಲ್ಲಿ ಎಲ್ಲರೂ ಸುಸ್ತು. ಒಂದೊಂದೇ ವಾದ್ಯ ನಿಲ್ಲುತ್ತಾ ಹೋಗಿ, ಕೊನೆಗೆ ಎರಡು ವಿಯೋಲಾ ಉಳಿಯುತ್ತವೆ, ಈ ಕಡೆ ಒಂದು, ಆ ಕಡೆ ಒಂದು.

ಕೊನೆಯ ಪುಟ ಒಂದೇ ಪ್ರತಿ. ಅದು ಬಲಗಡೆಯ ವಿಯೋಲಾದವರ ಫೈಲಿನಲ್ಲಿ ಮಾತ್ರ ಇರುತ್ತದೆ. ಎಡಗಡೆಯ ವಿಯೋಲಾದವರು ಎದ್ದು, ವೇದಿಕೆ ದಾಟಿ ಹೋಗಿ, ಎದುರಾಳಿಯ ಪಕ್ಕ ಕೂತು, ಅದೇ ಹಾಳೆ ನೋಡಿ ನುಡಿಸಬೇಕು. ಒಂದೇ ರಾಗ, ಒಂದೇ ಎತ್ತರದಲ್ಲಿ. ಅಲ್ಲಿಗೆ ಮುಗಿಯಿತು.

 ಚೆನ್ನಾಗಿದೆ ಎನ್ನಬೇಕೆಂದುಕೊಂಡೆ. ಬಾಯಿ ತೆರೆಯುವ ಮೊದಲು ನಾನು ವಾಕ್ಯವನ್ನು ಮೂರು ಸಲ ತಿದ್ದುತ್ತೇನೆ; ಅಷ್ಟರಲ್ಲಿ ಮಾತು ಮುಂದಿನ ಬೀದಿಗೆ ಹೋಗಿರುತ್ತದೆ. ಅವರೇ ಹೇಳಿದರು. ಅವರೂ ಅವರ ತಮ್ಮನೂ ಎರಡು ಮನೆಗಳ ನಡುವಿನ ಒಂದು ಗೋಡೆಯ ವಿಷಯಕ್ಕೆ ಹನ್ನೊಂದು ವರ್ಷದಿಂದ ಮಾತಾಡಿಲ್ಲವಂತೆ. ಗೋಡೆ ಹೋದ ವರ್ಷ ತಾನೇ ಬಿತ್ತಂತೆ. ಆಮೇಲೂ ಮಾತಾಡಿಲ್ಲ.

ಹೋಗುವಾಗ ಹೇಳಿದರು: ಪ್ರತಿ ಸ್ಟ್ಯಾಂಡಿನ ಜೋಡಿಯನ್ನೂ ಒಡೆದು ಒಬ್ಬರನ್ನು ಈ ಕಡೆ, ಒಬ್ಬರನ್ನು ಆ ಕಡೆ ಹಾಕು. ಊದುವವರನ್ನೂ ಹಾಗೇ ಹಂಚು. ಯಾರು ಯಾವ ಕಡೆ ಎನ್ನುವುದು ನಿನಗೇ ಬಿಟ್ಟಿದ್ದು.

ಫೆಬ್ರವರಿ 11, ಮಂಗಳವಾರ

ಈ ಸಲ ಎಲ್ಲರಿಗೂ ಬೇರೆ ಬೇರೆ ಸ್ಟ್ಯಾಂಡ್, ಹಾಗಾಗಿ ಬೇರೆ ಬೇರೆ ಫೈಲು. ನಮ್ಮಲ್ಲಿ ಎಲ್ಲಕ್ಕೂ ನೀಲಿ ರಟ್ಟಿನ ಫೈಲು. ಕಪಾಟು ತೆಗೆದರೆ ಸೂರು ಸೋರಿ ಕೆಳಗಿನ ಎರಡು ಹಲಗೆಗಳ ಮೇಲಿನ ಫೈಲುಗಳು ಉಬ್ಬಿ ಕೂತಿವೆ. ಒಳ್ಳೆಯವು ಮೂವತ್ತೇ ಸಿಕ್ಕಿದವು. ಹೊಸವು ಬರಲು ತಿಂಗಳು ಮೇಲಾಗುತ್ತದಂತೆ. ಕಛೇರಿಯ ಗುಮಾಸ್ತೆಯನ್ನು ಕೇಳಿದೆ (ಕೇಳಲು ಹೊರಟು ಎರಡು ಸಲ ವಾಪಸು ಬಂದೆ). ಅವರು ತಲೆ ಎತ್ತದೆ ಒಂದು ಕಟ್ಟು ಬೂದು ಫೈಲು ಕೊಟ್ಟರು. ಬಳಸಿದವಲ್ಲ, ಧೂಳು ಅಷ್ಟೆ.

ಹಂಚುವುದು ಸುಲಭವಾಯಿತು. ಪುಟ ತಿರುಗಿಸುವ ಒಳಬದಿಯವರೆಲ್ಲ ಬಲಗಡೆ, ಹೊರಬದಿಯವರೆಲ್ಲ ಎಡಗಡೆ. ಬಣ್ಣ ಯಾವ ಕಡೆಗೆ ಯಾವುದು ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಚಿಕ್ಕಮ್ಮ ಹೊರಬದಿ, ಎಡಕ್ಕೆ ಬರುತ್ತಾಳೆ. ಎಡಕ್ಕೆ ಬೂದು ಎಂದುಕೊಂಡೆ. ನಮ್ಮವರು ಇರುವ ಕಡೆಗೆ ಮಾಸಿದ್ದು ಕೊಟ್ಟರೆ ಯಾರೂ ಆಡಿಕೊಳ್ಳುವುದಿಲ್ಲ.

ಮೂವತ್ತು ನೀಲಿ, ಮೂವತ್ತು ಬೂದು. ಮೇಜಿನ ಮೇಲೆ ನೋಡಲು ಚೆನ್ನಾಗಿದೆ. ನಗಾರಿಯವನಿಗೆ ಫೈಲು ಉಳಿಯಲಿಲ್ಲ. ಅವನ ಹಾಳೆಗಳಿಗೆ ಒಂದು ಕ್ಲಿಪ್ಪು ಹಾಕಿದೆ.

ಫೆಬ್ರವರಿ 17, ಸೋಮವಾರ

ಮೊದಲ ತಾಲೀಮು. ಬೇಗ ಹೋಗಿ ಎಲ್ಲ ಜೋಡಿಸಿ, ಪಕ್ಕದ ಪರದೆಯ ಹತ್ತಿರ ನನ್ನ ಸ್ಟೂಲಿನ ಮೇಲೆ ಕೂತೆ. ಒಬ್ಬೊಬ್ಬರೇ ಬಂದು ತಮ್ಮ ಹೆಸರು ಹುಡುಕಿ ಕೂತರು. ಸಾಮಾನ್ಯವಾಗಿ ಈ ಹೊತ್ತಿಗೆ ಸಂತೆಯ ಗದ್ದಲ. ಇವತ್ತು ಗದ್ದಲ ಎದ್ದು ಹಾಗೇ ಕುಸಿಯಿತು. ಒಬ್ಬ ಚೆಲ್ಲೊದವರು ತಮ್ಮ ಫೈಲು ಎತ್ತಿ ಹಿಂದೆ ಮುಂದೆ ನೋಡಿ, ಎದುರಿನವರ ಫೈಲು ನೋಡಿ, ಕೆಳಗಿಟ್ಟರು. ಎಡಗಡೆಯಿಂದ ಬಲಗಡೆಗೆ ಒಂದು ನೋಟ ಹೋಯಿತು, ಬಲಗಡೆಯಿಂದ ಯಾವ ನೋಟವೂ ಬರಲಿಲ್ಲ. ಅವರೆಲ್ಲ ಹಾಳೆ ನೋಡುತ್ತಿದ್ದರು.

ನಗಾರಿಯವನು ಮಾತ್ರ ತನ್ನ ಹಾಳೆಗಳನ್ನು ಎತ್ತಿ ಹಿಡಿದು, "ನಂದು ಕ್ಲಿಪ್ಪು. ನನ್ನ ತೆಗಿಯಲ್ಲ, ಬಟ್ಟೆ ಥರ ತಂತಿ ಮೇಲೆ ಒಣಗಹಾಕ್ತಾರೆ ಅಂತ ಕಾಣತ್ತೆ," ಎಂದ. ಯಾರೂ ನಗಲಿಲ್ಲ. ನನಗೂ ಅರ್ಥವಾಗಲಿಲ್ಲ.

ಬಿಡುವಿನಲ್ಲಿ ಪಿಟೀಲಿನ ಮುಖ್ಯಸ್ಥರು ನನ್ನ ಸ್ಟೂಲಿನ ಹತ್ತಿರ ಬಂದು, ಹೀಗೆ ಪಾಲು ಮಾಡಿದ್ದು ಯಾರು ಎಂದು ಕೇಳಿದರು. ಅವರ ಹಿಂದೆ ಏಳೆಂಟು ಜನ ನಿಂತಿದ್ದರು. ಇಷ್ಟು ಜನ ನನ್ನನ್ನು ಒಟ್ಟಿಗೆ ನೋಡಿದ್ದು ಇದೇ ಮೊದಲು. ಏನೋ ತಪ್ಪಾಗಿದೆ ಎಂದು ಮಾತ್ರ ತಿಳಿಯಿತು. "ಕಛೇರಿಯಿಂದ ಹೇಳಿದ ಹಾಗೆ ಜೋಡಿಸಿದೆ," ಎಂದೆ.

ಯಾಕೆ ಹಾಗೆ ಹೇಳಿದೆ? ನಾನೇ ಎನ್ನುವುದಕ್ಕಿಂತ ಅದು ಸುಲಭದ ಉತ್ತರವಾಗಿ ಕಂಡಿತು.

ಫೆಬ್ರವರಿ 18, ಮಂಗಳವಾರ

ಗೊತ್ತಾಯಿತು. ನಮ್ಮ ಕಛೇರಿಯಲ್ಲಿ ಬೂದು ಫೈಲು ಒಂದೇ ಕೆಲಸಕ್ಕೆ. ಯಾರಾದರೂ ನಿವೃತ್ತರಾದರೆ, ಕೆಲಸ ಬಿಟ್ಟರೆ, ಸತ್ತರೆ, ಅವರ ಕಾಗದಗಳನ್ನೆಲ್ಲ ತೆಗೆದು ಬೂದು ಫೈಲಿಗೆ ಹಾಕಿ ಕೆಳಗಿನ ಕೋಣೆಗೆ ಇಳಿಸುತ್ತಾರೆ. 'ಬೂದಿಗೆ ಹೋದ' ಎಂದರೆ ಮುಗಿಯಿತು ಎಂದು ಇಲ್ಲಿಯ ಮಾತು. ಇಲ್ಲಿ ಎಲ್ಲರಿಗೂ ಗೊತ್ತು, ಮೂರು ವಾರದವಳಿಗೆ ಬಿಟ್ಟು.

ಇದನ್ನೆಲ್ಲ ಊಟಕ್ಕೆ ಕೂತಾಗ ಚಿಕ್ಕಮ್ಮ ಹೇಳಿದಳು. ಮೂವತ್ತು ಜನರನ್ನು ಬೇರೆ ಮಾಡಿಟ್ಟಿದ್ದಾರೆ, ಹತ್ತು ಜನರನ್ನು ಇವರಲ್ಲೇ ಆರಿಸುತ್ತಾರೆ ಎಂದು ಎಲ್ಲರ ಲೆಕ್ಕಾಚಾರ. ಕೆಲವರು ಮ್ಯಾನೇಜರ ಹತ್ತಿರ ಹೋಗಿ ಕೇಳಿದ್ದಾರೆ. ಅವರು "ಈಗಲೇ ಏನೂ ಹೇಳಲಾಗದು" ಎಂದರಂತೆ. ಇಲ್ಲ ಎನ್ನಲಿಲ್ಲ.

"ಗುಬ್ಬಿ, ನಿಜ ಹೇಳು," ಎಂದಳು. "ನಿಂಗೆ ಹೆಸರುಗಳ ಪಟ್ಟಿ ಕೊಟ್ಟಿದ್ದು ಯಾರು? ಆ ಮ್ಯಾನೇಜರೇನಾ?"

ಬಾಯಲ್ಲಿ ತುತ್ತಿತ್ತು. ತುತ್ತು ಇದ್ದದ್ದೇ ಒಳ್ಳೆಯದಾಯಿತು ಎನ್ನಿಸಿತು. ತಲೆ ಆಡಿಸಿದೆ. ಹೌದು ಎಂದೋ ಗೊತ್ತಿಲ್ಲ ಎಂದೋ ಅವಳು ಬೇಕಾದ ಹಾಗೆ ತಿಳಿಯಲಿ ಎನ್ನುವಂತೆ. ಅವಳು ಹೌದು ಎಂದು ತಿಳಿದಳು.

ನಾಳೆ ಹೇಳುತ್ತೇನೆ. ತಾಲೀಮಿಗೆ ಮುಂಚೆ, ಎಲ್ಲರೂ ಇರುವಾಗ. "ನೀಲಿ ಫೈಲು ಸಾಲದೆ ಬೂದು ತಂದೆ, ಹಂಚಿದವಳು ನಾನೇ, ಕ್ಷಮಿಸಿ." ಒಂದೇ ಸಾಲು. ಬರೆದುಕೊಂಡು ಬಾಯಿಪಾಠ ಮಾಡಿದ್ದೇನೆ.

ಫೆಬ್ರವರಿ 19, ಬುಧವಾರ

ಹೇಳಲಿಲ್ಲ.

ಫೆಬ್ರವರಿ 20, ಗುರುವಾರ

ವೇದಿಕೆಯ ಅಂಚಿನವರೆಗೆ ಹೋದೆ. ನಗಾರಿಯವನು "ಏನಮ್ಮ?" ಎಂದ. ನೆಲದ ಮೇಲೆ ಬಿದ್ದಿದ್ದ ಒಂದು ಪೆನ್ಸಿಲ್ ಎತ್ತಿಕೊಂಡು ಬಂದೆ.

ಬಿಡುವಿನಲ್ಲಿ ಚಹಾಕ್ಕೆ ಈಗ ಎರಡು ಸಾಲು.

ಫೆಬ್ರವರಿ 25, ಮಂಗಳವಾರ

ಚಿಕ್ಕಮ್ಮ ಮತ್ತು ಪುಟದತ್ತೆ ಮಾತು ಬಿಟ್ಟಿದ್ದಾರೆ. ಪುಟದತ್ತೆ ಮ್ಯಾನೇಜರ ಕೋಣೆಯಿಂದ ಹೊರಗೆ ಬರುವುದನ್ನು ಯಾರೋ ನೋಡಿದರಂತೆ. "ಒಳಬದಿಗೆ ಕೂತು ಕೂತು ಒಳದಾರಿ ಕಲಿತಿದ್ದಾಳೆ," ಎಂದು ಚಿಕ್ಕಮ್ಮ ತಾಲೀಮಿನ ಕೋಣೆಯಲ್ಲೇ, ಕೇಳುವ ಹಾಗೆ ಅಂದಳು. ಪುಟದತ್ತೆ ಆಗ ಕಮಾನಿಗೆ ರಾಳ ಹಚ್ಚುತ್ತಿದ್ದರು. ಹಚ್ಚುತ್ತಲೇ ಇದ್ದರು, ಬಿಳಿ ಪುಡಿ ಮಡಿಲಿಗೆಲ್ಲ ಉದುರುವವರೆಗೆ.

ಸಂಜೆ ಅವರು ಭಂಡಾರಕ್ಕೆ ಬಂದರು. ರಬ್ಬರು ಬೇಕು ಎಂದರು, ತೆಗೆದುಕೊಂಡು ಹೋಗಲಿಲ್ಲ. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಚಿಕ್ಕಮ್ಮ ಸರಿಯಾಗಿ ಊಟ ಮಾಡುತ್ತಿದ್ದಾಳಾ ಎಂದು ಕೇಳಿದರು. ಆಮೇಲೆ ತಾವೇ ಹೇಳಿದರು.

"ಅವಳನ್ನ ಇಟ್ಕೊಳ್ಳಿ, ಬೇಕಾದ್ರೆ ನನ್ನ ತೆಗೀರಿ ಅಂತ ಹೇಳೋಕೆ ಹೋಗಿದ್ದೆ ಕಣೆ. ಬಾಗಿಲು ತಟ್ಟೋವರೆಗೂ ಗಟ್ಟಿಯಾಗೇ ಇದ್ದೆ. ಅವರು ಬನ್ನಿ ಅಂದ್ರು. ಕೂತ್ಕೊಳ್ಳಿ ಅಂದ್ರು. ಬಾಯಿಗೆ ಮಾತೇ ಬರ್ಲಿಲ್ಲ. ನಂಗೂ ಮನೆ ಇದೆಯಲ್ಲ. ಕೊನೆಗೆ ಒಂದು ಪೆನ್ಸಿಲ್ ಇದ್ರೆ ಕೊಡಿ ಅಂತ ಕೇಳ್ಕೊಂಡು ಬಂದೆ."

ಪೆನ್ಸಿಲನ್ನು ತೋರಿಸಿದರು. ಹೊಸದು, ಹೆರೆದೇ ಇಲ್ಲ. ಇದನ್ನು ಚಿಕ್ಕಮ್ಮನಿಗೆ ಹೇಳಬೇಡ ಎಂದು ಕೈ ಹಿಡಿದರು. ಅವಳು ನಗುತ್ತಾಳೆ, ಇಲ್ಲದಿದ್ದರೆ ಅಳುತ್ತಾಳೆ, ಎರಡೂ ನನ್ನಿಂದ ನೋಡಲಾಗದು ಎಂದರು.

ನನ್ನ ಸಾಲು ಬಾಯಿಪಾಠವಾಗಿತ್ತು. ಕೇಳಲು ಒಬ್ಬರೇ ಇದ್ದರು, ಅವರೂ ನನ್ನ ಕೈ ಹಿಡಿದು ಕೂತವರು. ಆದರೂ ಆಗಲಿಲ್ಲ. ನಾನು ಮನುಷ್ಯಳೇ ಎಂದು ಅನುಮಾನ ಬಂದಿದೆ.

ಫೆಬ್ರವರಿ 28, ಶುಕ್ರವಾರ

ಕೊನೆಗೆ ಒಬ್ಬರಿಗೆ ಹೇಳಿದೆ. ರಚನಕಾರರಿಗೆ. ಅವರು ಎರಡನೆಯ ಭಾಗದಲ್ಲಿ ಒಂದು ತಿದ್ದುಪಡಿ ಬರೆಸಲು ಬಂದಿದ್ದರು. ಅವರ ಮೆಲ್ಲನೆಯ ದನಿಯೇ ಕಾರಣವಿರಬೇಕು; ಎಲ್ಲ ಹೇಳಿಬಿಟ್ಟೆ, ಸೂರು ಸೋರಿದ್ದರಿಂದ ಹಿಡಿದು. ಹೇಳುತ್ತ ಅತ್ತುಬಿಟ್ಟೆ.

 ಅವರು, ಈ ವಾರದ ತಾಲೀಮು ಕೇಳಿದೆಯಾ ಎಂದರು. ಕೇಳಿದೆ ಎಂದೆ.

"ಮೊದಲ ವಾರ ಎಲ್ಲರೂ ಜಗಳದ ನಾಟಕ ಆಡ್ತಿದ್ರು. ಈಗ ನೋಡು, ಒಂದು ಸ್ವರ ಹಿಡಿದ್ರೆ ಬಿಡಲ್ಲ. ಅರವತ್ತು ಜನರಿಂದ ಇಂಥ ನಾದ ನಾನು ಕೇಳಿಲ್ಲ. ಮತ್ತೆ ಕೇಳೋದೂ ಇಲ್ಲ." ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು. "ಎರಡು ವಾರ. ಪ್ರದರ್ಶನ ಆಗ್ಲಿ. ಆಮೇಲೆ ನಾನೇ ನಿನ್ನ ಜೊತೆ ನಿಂತು ಎಲ್ಲರಿಗೂ ಹೇಳ್ತೀನಿ. ಕೊನೇ ಪುಟ ಇದೆಯಲ್ಲಮ್ಮ. ಅಲ್ಲಿ ಎಲ್ಲ ಸರಿಹೋಗತ್ತೆ."

ಒಪ್ಪಿದೆ. ಒಪ್ಪಿದೆ ಎನ್ನುವುದಕ್ಕಿಂತ, ಇನ್ನು ಎರಡು ವಾರ ಬಾಯಿ ತೆರೆಯಬೇಕಾಗಿಲ್ಲ ಎಂದು ಮೈ ಹಗುರಾಯಿತು. ಈ ತಿಂಗಳಲ್ಲಿ ಮೊದಲ ಸಲ ಮಧ್ಯಾಹ್ನ ಹಸಿವಾಯಿತು.

ಮಾರ್ಚ್ 4, ಮಂಗಳವಾರ

ಎರಡನೆಯ ಭಾಗವನ್ನು ಇವತ್ತು ಪೂರ್ತಿ ನುಡಿಸಿದರು. ನಿರ್ದೇಶಕ ಕೈ ಕೆಳಗಿಳಿಸಿದ. (ಚಿಕ್ಕಮ್ಮ ಅವನನ್ನು ಕಂಡಕ್ಟರ್ ಎಂದೇ ಕರೆಯುವುದು, ಟಿಕೆಟ್ಟೂ ಕೊಡಲ್ಲ, ಸ್ಟಾಪೂ ಹೇಳಲ್ಲ ಎನ್ನುತ್ತಿದ್ದಳು. ಈಗ ಹಾಗೆಲ್ಲ ಅನ್ನುವುದಿಲ್ಲ.) ಬೂದು ಕಡೆಯವರು ಮೊದಲು ಹೊರಟರು, ತಗ್ಗಿನಲ್ಲಿ, ಹಲ್ಲು ಕಚ್ಚಿದ ಹಾಗೆ. ನೀಲಿಯವರು ಅದರ ಮೇಲೆ ಬಂದರು. ನೀಲಿಯವರ ನಾದದಲ್ಲೂ ಒಂದು ಬಿರುಸಿದೆ. ಉಳಿದವರು ನಾವು, ನಮ್ಮ ತಪ್ಪೇನು ಎನ್ನುವವರ ಬಿರುಸು. ಅದು ತಪ್ಪಿತಸ್ಥರ ದನಿಗಿಂತ ದೊಡ್ಡದು. ಪಿಟೀಲೊಂದರ ತಂತಿ ಕಿತ್ತುಹೋಯಿತು. ನುಡಿಸುತ್ತಿದ್ದವರು ನಿಲ್ಲಿಸದೆ ಮೂರು ತಂತಿಯಲ್ಲೇ ಮುಂದುವರಿದರು.

ನನ್ನ ತೋಳಿನ ಮೇಲೆ ಮುಳ್ಳೆದ್ದಿತ್ತು. ಇಷ್ಟು ದಿನ ಪುಸ್ತಕದಲ್ಲಿ ಓದಿದ್ದೆಲ್ಲ ಇದರ ಮುಂದೆ ಒಣ ಎಲೆ. ವಿಯೋಲಾದಿಂದ ಬರುವ ಆ ಒರಟು ಗೆರೆ ಅದ್ಭುತ. ಅದು ಚಿಕ್ಕಮ್ಮನದು ಎಂದು ಮುಗಿದ ಮೇಲೆ ನೆನಪಾಯಿತು.

ಕೊನೆಯ ಪುಟವನ್ನು ತಾಲೀಮು ಮಾಡಿಸುತ್ತಿಲ್ಲ. ಮೊದಲ ಸಲ ನುಡಿಸುವುದು ಪ್ರದರ್ಶನದ ದಿನವೇ ಆಗಲಿ ಎಂದು ರಚನಕಾರರ ಆಸೆ.

ಮಾರ್ಚ್ 10, ಸೋಮವಾರ

ಸಂಜೆ ಮನೆಗೆ ಬಂದಾಗ ಚಿಕ್ಕಮ್ಮ ಮೇಜಿನ ಮುಂದೆ ಕೂತು ಬರೆಯುತ್ತಿದ್ದಳು. ಒಂದು ಕಾಗದವನ್ನು ನನ್ನ ಕಡೆ ತಳ್ಳಿದಳು. "ನೀನು ಓದಿದವಳು. ಕಾಗುಣಿತ ನೋಡು."

ರಾಜೀನಾಮೆ. ಪ್ರದರ್ಶನದ ಮರುದಿನದಿಂದ.

"ಅವರು ಹೆಸರು ಓದೋಕೆ ಮುಂಚೆ ನಾನೇ ಇಳಿದುಬಿಡ್ತೀನಿ," ಎಂದಳು. "ತಳ್ಳಿಸ್ಕೊಂಡು ಇಳಿಯೋ ವಯಸ್ಸಲ್ಲ ಇದು." ಬೂದು ಕಡೆಯ ಇನ್ನೂ ಕೆಲವರು ಬರೆಯುತ್ತಿದ್ದಾರಂತೆ. ಒಟ್ಟಿಗೆ ಕೊಡುತ್ತಾರಂತೆ.

ಇನ್ನು ಐದು ದಿನ, ಆಮೇಲೆ ಎಲ್ಲ ಗೊತ್ತಾಗುತ್ತದೆ, ವಾಪಸು ತೆಗೆದುಕೊಳ್ಳಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅವಳಿಗೆ, ಪ್ರದರ್ಶನ ಆಗುವವರೆಗೆ ಕೊಡದೆ ಇಟ್ಟುಕೋ ಎಂದೆ. ಯಾಕೆ ಎಂದಳು. "ಸುಮ್ಮನೆ," ಎಂದೆ. ಸುಮ್ಮನೆ ಎನ್ನುವ ಮಾತಿಗೆ ಯಾರು ತಾನೇ ನಿಲ್ಲುತ್ತಾರೆ?

ಕಾಗುಣಿತ ಸರಿಯಿತ್ತು. ಒಂದು ಕಡೆ ಅಲ್ಪವಿರಾಮ ಹಾಕಿದೆ.

ಮಾರ್ಚ್ 16, ಭಾನುವಾರ

ನಿನ್ನೆ ಪ್ರದರ್ಶನ. ಕ್ರಮವಾಗಿ ಬರೆಯಬೇಕು.

ಸಭಾಂಗಣ ತುಂಬಿತ್ತು. ನಾನು ಪರದೆಯ ಪಕ್ಕ, ಸ್ಟೂಲಿನ ಮೇಲೆ. ಮೊದಲ ಸ್ವರ ಶುರುವಾದಾಗ ಮುಂದಿನ ಸಾಲಿನ ಒಬ್ಬರು ಕಿವಿಯ ಯಂತ್ರವನ್ನು ಸರಿಮಾಡಿಕೊಂಡರು, ಅದು ಕೆಟ್ಟಿದೆ ಎಂದುಕೊಂಡರೇನೋ. ಎರಡನೆಯ ಭಾಗ ನಾನು ಇಲ್ಲಿ ಬರೆದದ್ದಕ್ಕಿಂತ ಹತ್ತುಪಟ್ಟು. ಜನ ಕುರ್ಚಿಯ ಕೈ ಹಿಡಿದು ಕೂತಿದ್ದರು. ನಗಾರಿಯವನ ಬೆನ್ನು ಒದ್ದೆಯಾಗಿತ್ತು. ನಡುವೆ ಕೂತು ಎರಡೂ ಕಡೆಯ ಏಟು ತಿಂದವನ ಹಾಗೆ ಕಾಣುತ್ತಿದ್ದ.

ಮೂರನೆಯ ಭಾಗ. ಒಂದೊಂದೇ ವಾದ್ಯ ನಿಂತಿತು. ಊದುವವರು ವಾದ್ಯಗಳನ್ನು ಮಡಿಲಿಗಿಟ್ಟರು. ಚೆಲ್ಲೊ ನಿಂತಿತು, ಪಿಟೀಲು ನಿಂತವು. ಎರಡು ವಿಯೋಲಾ ಉಳಿದವು, ಅವೂ ತಗ್ಗಿ ತಗ್ಗಿ ನಿಂತವು. ಇನ್ನು ಚಿಕ್ಕಮ್ಮ ಏಳಬೇಕು.

ಪುಟದತ್ತೆ ಪುಟ ತಿರುಗಿಸಿದರು. ಆ ಸದ್ದು ನನಗೆ ಕೇಳಿಸಿತು, ಅಷ್ಟು ನಿಶ್ಶಬ್ದ. ತಮ್ಮ ಕುರ್ಚಿಯನ್ನು ಎಳೆದು ಪಕ್ಕಕ್ಕೆ ಸರಿಸಿಕೊಂಡರು. ಪಕ್ಕದಲ್ಲಿ ಖಾಲಿ ಕುರ್ಚಿ ಮೊದಲೇ ಇಡಲಾಗಿತ್ತು. ವಿಯೋಲಾವನ್ನು ಗಲ್ಲಕ್ಕೆ ಒತ್ತಿ, ಕಮಾನು ಎತ್ತಿ, ಎದುರಿಗೆ ನೋಡಿದರು.

ಚಿಕ್ಕಮ್ಮ ಏಳಲಿಲ್ಲ.

ವಿಯೋಲಾ ಮಡಿಲಲ್ಲಿತ್ತು, ಎರಡೂ ಕೈ ಅದರ ಮೇಲೆ. ಅವಳು ಪುಟದತ್ತೆಯನ್ನು ನೋಡಲಿಲ್ಲ. ತನ್ನ ಫೈಲನ್ನು ಮುಚ್ಚಿದಳು. ನಿರ್ದೇಶಕ ಅವಳ ಕಡೆ ಕೈ ಚಾಚಿದ. ಕೈ ಹಾಗೇ ಇತ್ತು. ನಾನು ಎಣಿಸಿದೆ, ಮೂವತ್ತೊಂದರವರೆಗೆ. ಪುಟದತ್ತೆಯ ಕಮಾನು ಇನ್ನೂ ಮೇಲೆಯೇ ಇತ್ತು. ಅವರು ಒಬ್ಬರೇ ನುಡಿಸಬಹುದಿತ್ತು, ಹಾಳೆ ಅವರ ಮುಂದೆಯೇ ಇತ್ತು. ನುಡಿಸಲಿಲ್ಲ. ಮೆಲ್ಲಗೆ ಕಮಾನು ಇಳಿಸಿದರು.

ಪರದೆಯಿಂದ ಚಿಕ್ಕಮ್ಮನ ಕುರ್ಚಿಗೆ ಎಂಟು ಹೆಜ್ಜೆ. ಓಡಿಹೋಗಿ ಕಿವಿಯಲ್ಲಿ ಒಂದು ಸಾಲು ಹೇಳಿದ್ದರೆ ಸಾಕಿತ್ತು. ಇದು ನನಗೆ ಈಗ ಹೊಳೆಯುತ್ತಿದೆ ಎಂದು ಬರೆಯಬೇಕೆಂದಿದ್ದೆ. ಸುಳ್ಳು. ಆಗಲೇ ಹೊಳೆದಿತ್ತು. ಆ ಮೌನ ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ಮುರಿಯಲು ಮನಸ್ಸು ಬರಲಿಲ್ಲ.

ನಿರ್ದೇಶಕ ಕೈ ಇಳಿಸಿದ. ಇದೇ ಕೊನೆ ಎಂದು ಜನ ತಿಳಿದರು.  ಆಮೇಲೆ ಚಪ್ಪಾಳೆ, ಎಲ್ಲರೂ ಎದ್ದು ನಿಂತು. ಕೆಲವರು ಅಳುತ್ತಿದ್ದರು. ರಚನಕಾರರು ವೇದಿಕೆಗೆ ಹೋಗಿ ಎರಡೂ ಕಡೆಗೆ ಬಾಗಿದರು. ಅವರ ಮುಖ ಸುಣ್ಣದ ಹಾಗಿತ್ತು.

ಆಮೇಲೆ ನನ್ನ ಜೊತೆ ನಿಂತು ಎಲ್ಲರಿಗೂ ಹೇಳುತ್ತೇನೆ ಎಂದಿದ್ದರಲ್ಲ, ಅದಕ್ಕೆ ಕಾದೆ. ಅವರನ್ನು ಜನ ಮುತ್ತಿಕೊಂಡಿದ್ದರು. ನಾನು ಫೈಲುಗಳನ್ನು ಎತ್ತಿಕೊಂಡು ಒಳಗೆ ಬಂದೆ. ಬೂದು ಕಡೆಯವರು ಮ್ಯಾನೇಜರ ಕೋಣೆಯ ಮುಂದೆ ಸಾಲಾಗಿ ನಿಂತು ಕಾಗದ ಕೊಟ್ಟರು. ಚಿಕ್ಕಮ್ಮ ಮೊದಲನೆಯವಳು.

ಮಾರ್ಚ್ 20, ಗುರುವಾರ

ಮ್ಯಾನೇಜರು ಕರೆದಿದ್ದರು. ಹಿರಿಯರ ಮಂಡಿ ಇನ್ನೂ ಸರಿಹೋಗಿಲ್ಲವಂತೆ, ಅವರು ಮರಳುವುದಿಲ್ಲ. ಭಂಡಾರವನ್ನು ನೀನೇ ನೋಡಿಕೋ ಎಂದರು. ಬಹಳ ಖುಷಿಯಲ್ಲಿದ್ದರು. ಹನ್ನೆರಡು ಕಾಗದ ಬಂದಿವೆ, ಎಲ್ಲರೂ ತಾವಾಗಿಯೇ ಹೋದರು, ಒಬ್ಬರನ್ನೂ ತೆಗೆಯಬೇಕಾಗಲಿಲ್ಲ ಎಂದರು.

"ಪಟ್ಟಿ ಅಂತ ಏನೋ ಸುದ್ದಿ ಹಬ್ಬಿತ್ತಲ್ಲ, ಎಲ್ಲಿ ಹುಟ್ಟಿತೋ ಏನೋ," ಎಂದು ನಕ್ಕರು. "ನಾನಿನ್ನೂ ಪೆನ್ನೇ ತೆಗೆದಿರ್ಲಿಲ್ಲ."

ನಾನೂ ಸ್ವಲ್ಪ ನಕ್ಕೆ. ಎದುರಿಗೆ ಕೂತವರು ನಗುವಾಗ ನಗದಿರುವುದು ಕಷ್ಟ.

ಚಿಕ್ಕಮ್ಮ ಮನೆಯಲ್ಲೇ ಇರುತ್ತಾಳೆ. ಶಿಳ್ಳೆ ಇಲ್ಲ. ವಿಯೋಲಾದ ಪೆಟ್ಟಿಗೆ ಬಟ್ಟೆಯ ಬೀರುವಿನ ಮೇಲೆ ಹತ್ತಿ ಕೂತಿದೆ. ಎರಡು ಹೊಸ ವಿದ್ಯಾರ್ಥಿಗಳು ಬರಬಹುದು ಎಂದಳು. ಅವಳಿಗೆ ಹೇಳಬೇಕೇ ಎಂದು ಯೋಚಿಸಿದೆ. ಈಗ ಹೇಳಿದರೆ ಕೆಲಸವೂ ವಾಪಸು ಬರುವುದಿಲ್ಲ, ಪುಟದತ್ತೆಯ ಮೇಲೆ ಆಡಿದ ಮಾತೂ ವಾಪಸು ಬರುವುದಿಲ್ಲ. ಅವಳಿಗೆ ಇನ್ನೊಂದು ನೋವು ಅಷ್ಟೆ. ಹೇಳದಿರುವುದೇ ಅವಳಿಗೆ ಒಳ್ಳೆಯದು ಎಂದು ತೀರ್ಮಾನಿಸಿದೆ. ಆಮೇಲೆ ಊಟ ಸೇರಿತು.

ಮಾರ್ಚ್ 24, ಸೋಮವಾರ

ಹೊಸ ನೀಲಿ ಫೈಲುಗಳು ಬಂದವು. ಬೂದು ಫೈಲುಗಳನ್ನು ಖಾಲಿ ಮಾಡಿ ಕಛೇರಿಗೆ ಕೊಟ್ಟೆ. ಹನ್ನೆರಡನ್ನು ಗುಮಾಸ್ತೆ ಅಲ್ಲಿಯೇ ಮೇಜಿನ ಮೇಲೆ ಇಟ್ಟುಕೊಂಡರು, ಅವು ಕೆಲಸಕ್ಕೆ ಬೇಕು ಎಂದರು.

ಬೆಳಿಗ್ಗೆ ರಚನಕಾರರು ಬಂದಿದ್ದರು. ಕೃತಿಯನ್ನು ಇನ್ನೂ ಮೂರು ವಾದ್ಯವೃಂದಗಳು ಕೇಳಿವೆಯಂತೆ. ನನ್ನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊನೆಯ ಪುಟವನ್ನು ತೆಗೆದುಬಿಡು ಎಂದರು. ಇನ್ನು ಮೇಲೆ ಕೃತಿ ಆ ಮೌನದಲ್ಲೇ ಮುಗಿಯುತ್ತದೆ.

"ಅದು ನನ್ನ ಆಸೆ ಆಗಿತ್ತಮ್ಮ," ಎಂದರು. "ಅವತ್ತು ಕೇಳಿದ್ದು ನಿಜ."

ತಮ್ಮನಿಗೆ ಆ ದಿನದ ಟಿಕೆಟ್ ಕಳಿಸಿದ್ದರಂತೆ. ಬಂದಿರಲಿಲ್ಲ.

ಮಧ್ಯಾಹ್ನವೆಲ್ಲ ಅಳಿಸುವ ಕೆಲಸ. ಹಾಳೆಗಳು ಬೇರೆಯವರಿಗೆ ಹೋಗಬೇಕು, ಒಂದು ಗುರುತೂ ಇರಬಾರದು. ಪುಟದತ್ತೆಯ ಫೈಲು ಕೊನೆಗೆ ಉಳಿಯಿತು. ಅವರು ಈಗ ಹೊರಬದಿಗೆ ಕೂರುತ್ತಾರೆ, ಅವರ ಪುಟವನ್ನು ಹೊಸಬರೊಬ್ಬರು ತಿರುಗಿಸುತ್ತಾರೆ. ಕೊನೆಯ ಪುಟವನ್ನು ಬಿಚ್ಚಿ ತೆಗೆದೆ. ಯಾರೂ ನುಡಿಸದ ಹಾಳೆ, ಗುರುತು ಇರಲಾರದು ಎಂದುಕೊಂಡಿದ್ದೆ. ಇತ್ತು. ಮೇಲಿನ ಮೂಲೆಯಲ್ಲಿ, ಚೂಪಾಗಿ ಹೆರೆದ ಹೊಸ ಪೆನ್ಸಿಲಿನಲ್ಲಿ, ಒಂದು ಪುಟ್ಟ ಕನ್ನಡಕ. ಅದರ ಪಕ್ಕ: "ಅವಳು ಬರುವ ಮೊದಲು ಕುರ್ಚಿ ಒಂದು ಮೊಳ ಸರಿಸು. ಅವಳ ಮೊಣಕೈಗೆ ಜಾಗ."

ತೆಗೆದಿಟ್ಟ ಹಾಳೆಗಳನ್ನೂ ಅಳಿಸಿಯೇ ಕಪಾಟಿಗೆ ಹಾಕಬೇಕೆಂದು ಹಿರಿಯರ ಸೂಚನೆ. ಮೊದಲು ಕನ್ನಡಕ ಹೋಯಿತು, ಆಮೇಲೆ ಅಕ್ಷರಗಳು. ಒತ್ತಿ ಬರೆದಿದ್ದರಿಂದ ಎರಡು ಸಲ ಉಜ್ಜಬೇಕಾಯಿತು. ಪುಡಿಯನ್ನು ಅಂಗೈಯಿಂದ ಒರೆಸಿ ಕಸದ ಬುಟ್ಟಿಗೆ ಹಾಕಿದೆ. ಹಿಂದೆ ತಳ್ಳಿಟ್ಟಿದ್ದ ಹಳೆಯ ವಿಯೋಲಾ ಹಾಳೆಗಳೂ ನೆನಪಾದವು, ಅವನ್ನೂ ಇವತ್ತೇ ಮುಗಿಸಿದೆ.

ರಬ್ಬರು ಮೆತ್ತಗಿತ್ತು. ಕಾಗದ ಎಲ್ಲಿಯೂ ಹರಿಯಲಿಲ್ಲ.